ನಲವತ್ತೊಂದನೆಯ ಗುಡಿ

ಜನವರಿ 11, 1999

ಪ್ರೀತಿಯ ಪೆನ್ಸಿಲ್,

ಅರವತ್ತು ದಾಟಿದ ತಮ್ಮನನ್ನು ಇನ್ನೂ ಹೀಗೆ ಕರೆಯಬಾರದೆಂದು ನಿನ್ನ ಹೆಂಡತಿ ಹೋದ ಸಲ ಹೇಳಿದ್ದಳು. ನೀನು ಕಡ್ಡಿಯಂತಿದ್ದಾಗ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಮಲಗುತ್ತಿದ್ದಾಗ ಇಟ್ಟ ಹೆಸರು. ಈಗ ಹೊಟ್ಟೆ ಬಂತೆಂದು ಬದಲಿಸಲಾಗುವುದಿಲ್ಲ ಅಂತ ಅವಳಿಗೆ ಹೇಳು.

ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಮೇಲೆ ಒಂದು ಪುಸ್ತಕ ಬರೆದುಕೊಡಿ ಎಂದು ಜಿಲ್ಲಾ ಕಚೇರಿಯವರು ನನ್ನನ್ನು ಕೇಳಿದ್ದಾರೆ. ಇತಿಹಾಸ, ಹೊಳೆ, ಗುಡ್ಡ, ಮಣ್ಣು, ದೇವಸ್ಥಾನ, ಪ್ರಾರ್ಥನಾ ಮಂದಿರ, ಸಂತರ ಸಮಾಧಿ, ಎಲ್ಲವೂ ಒಂದೇ ಪುಸ್ತಕದಲ್ಲಿ. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದ ಹೆಂಗಸು ನಿವೃತ್ತಿಯಾಗಿ ಸುಮ್ಮನೆ ಕೂತಿದ್ದಾಳೆ, ಇವಳ ತಲೆಗೆ ಕಟ್ಟೋಣ ಅಂದುಕೊಂಡಿರಬೇಕು. ನಾನೂ ಖುಷಿಯಿಂದಲೇ ಕಟ್ಟಿಸಿಕೊಂಡೆ. ಜೂನ್ ಕೊನೆಗೆ ಅಚ್ಚಿಗೆ ಹೋಗಬೇಕು.

ನನ್ನ ಕೈಯಲ್ಲಿರುವುದು ನೀನು ಸರ್ವೆ ಇಲಾಖೆಯಲ್ಲಿದ್ದಾಗ ಬರೆದು ಅಚ್ಚಾದ ನಕ್ಷೆಯೇ. ಮಡಿಕೆಗಳೆಲ್ಲ ಹರಿದು, ಹಿಂದಿನಿಂದ ಬಟ್ಟೆ ಅಂಟಿಸಿ ಗೋಡೆಗೆ ಹಾಕಿಕೊಂಡಿದ್ದೇನೆ. ಆ ಹೊಳೆಯ ಮೂರು ತಿರುವು ನೋಡಿದಾಗಲೆಲ್ಲ ಅಪ್ಪ ನೆನಪಾಗುತ್ತಾರೆ. ಓದು ಬರಹ ಇಲ್ಲದ ದೋಣಿಯವರು, ನಿನ್ನನ್ನು ದೋಣಿಯ ಮೂತಿಯಲ್ಲಿ ಕೂರಿಸಿಕೊಂಡು ಹುಟ್ಟುಗೋಲು ಇಳಿಸಿ ಇಳಿಸಿ ಎಲ್ಲಿ ಎಷ್ಟು ಆಳ ಎಂದು ಬರೆಸಿದ್ದರಲ್ಲ. ಇವತ್ತಿಗೂ ಆ ಅಂಕಿ ಒಂದೂ ತಪ್ಪಿಲ್ಲ.

ನಿನ್ನ ನಕ್ಷೆಯಲ್ಲಿ ಪೂಜೆಯ ಜಾಗಗಳು ನಲವತ್ತೊಂದು. ಒಂದೊಂದಕ್ಕೂ ಕಪ್ಪು ಮುಕ್ಕೋನ, ತಲೆಯ ಮೇಲೊಂದು ಗೀಟು. ನಲವತ್ತಕ್ಕೆ ಚರಿತ್ರೆ ಸಿಕ್ಕಿದೆ. ಮೂರನೆಯ ತಿರುವಿನಾಚೆ ಬೋಳುಗುಡ್ಡದ ಮೇಲಿರುವ ಒಂದಕ್ಕೆ ಮಾತ್ರ ಶಾಸನವಿಲ್ಲ, ದಾಖಲೆಯಿಲ್ಲ. ಅಲ್ಲೇ ಈಗ ಜಗಳ. ಮೇಲಿನ ಬೀದಿಯವರು ಅದು ತಮ್ಮ ದೇವರದೆನ್ನುತ್ತಾರೆ, ಹೊಳೆದಂಡೆಯವರು ತಮ್ಮ ಸಂತರದೆನ್ನುತ್ತಾರೆ. ಪುಸ್ತಕದಲ್ಲಿ ನಾನು ಏನು ಬರೆಯುತ್ತೇನೋ ಅದೇ ಕೊನೆ ಎಂದು ಎರಡೂ ಕಡೆಯವರು ಒಪ್ಪಿಕೊಂಡು, ದಿನಾ ಬಂದು ನನ್ನ ಮುಂದಿನ ಕೋಣೆಯಲ್ಲಿ ಕೂರುತ್ತಾರೆ. ನೀನು ಗುಡ್ಡ ಹತ್ತಿ ಕಣ್ಣಾರೆ ನೋಡಿ ಗುರುತು ಹಾಕಿದವನು. ಒಳಗೆ ಏನಿತ್ತು, ಯಾರದಾಗಿತ್ತು, ಅಷ್ಟು ಬರೆದು ಕಳಿಸು.

ಫೋನ್ ಮಾಡಬೇಡ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ನಿನ್ನ ಅಕ್ಕ


ಜನವರಿ 27, 1999

ಅಕ್ಕ,

ನಿನ್ನ ಕಾಗದ ಬಂದಾಗ ನಾನು ಅಂಗಡಿಯಲ್ಲಿ ಯಾರದೋ ಮದುವೆಯ ಫೋಟೋಗೆ ಕಟ್ಟು ಹಾಕುತ್ತಿದ್ದೆ. ನಿನ್ನ ಅಕ್ಷರ ನೋಡಿದ ಕೂಡಲೇ ನೆಟ್ಟಗೆ ಕೂತೆ, ಹಳೇ ಅಭ್ಯಾಸ. ಹೆಂಡತಿ ನಕ್ಕಳು. ಹೆಸರಿನ ವಿಷಯದಲ್ಲಿ ಸೋತಿದ್ದೇನೆಂದು ನಿನಗೆ ತಿಳಿಸಲು ಹೇಳಿದ್ದಾಳೆ.

ಪುಸ್ತಕಕ್ಕೆ ನಿನಗಿಂತ ಸರಿಯಾದವರು ಯಾರಿದ್ದಾರೆ? ಉತ್ತರದ ಕೆಂಪು ಮಣ್ಣು ಎಲ್ಲಿ ಮುಗಿದು ಕಪ್ಪು ಮಣ್ಣು ಶುರುವಾಗುತ್ತದೆಂದು ಚಪ್ಪಲಿ ಬಿಚ್ಚಿ ನಡೆದು ಹೇಳುತ್ತಿದ್ದವಳು ನೀನು. ಹಳೇ ಕೋಟೆದಿಬ್ಬವನ್ನು ಮರೆಯಬೇಡ. ಹಿಂದೆ ಉಪ್ಪಿನ ಗಾಡಿಗಳು ಹೋಗುತ್ತಿದ್ದ ದಾರಿ ಅದರ ಬುಡದಲ್ಲೇ ಹಾದು ಅಪ್ಪನ ದೋಣಿಕಟ್ಟೆಗೆ ಬರುತ್ತಿತ್ತು. ಸನ್ಯಾಸಿಗಳ ಗವಿಯಲ್ಲಿ ನನಗೆ ಸರ್ವೆ ಸರಪಳಿ ಹಿಡಿಯಲು ಬಂದವನು ಬಾವಲಿಗೆ ಹೆದರಿ ಸರಪಳಿ ಬಿಟ್ಟು ಓಡಿದ್ದ. ಆಮೇಲೆ ನಾನೊಬ್ಬನೇ ಎರಡು ತುದಿಗೂ ಓಡಾಡಿ ಅಳೆದೆ. ಸೇತುವೆ ಪಕ್ಕದ ಪ್ರಾರ್ಥನಾ ಮಂದಿರದ ಗಂಟೆ ಗಾಳಿ ತಿರುಗಿದರೆ ನಮ್ಮನೆ ಅಡುಗೆಮನೆಗೂ ಕೇಳಿಸುತ್ತಿತ್ತಲ್ಲ, ಈಗಲೂ ಕೇಳಿಸುತ್ತದೆಯೇ? ನಿನ್ನ ಕಿವಿ ಬಿಡು, ಬೇರೆ ಯಾರನ್ನಾದರೂ ಕೇಳಿ ತಿಳಿಸು.

ಬೋಳುಗುಡ್ಡದ್ದು ಸರಿಯಾಗಿ ನೆನಪಿಲ್ಲ. ಮೂವತ್ತೆಂಟು ವರ್ಷವಾಯಿತು. ನಲವತ್ತು ಅಂತ ಬರೆದುಬಿಟ್ಟರೆ ಪುಸ್ತಕಕ್ಕೆ ಏನೂ ಕೊರತೆಯಾಗದು.

ನಿನ್ನ ತಮ್ಮ


ಫೆಬ್ರವರಿ 8, 1999

ಪೆನ್ಸಿಲ್,

ನಿನಗೆ ಸರಪಳಿ ಬಿಟ್ಟು ಓಡಿದವನು ನೆನಪಿದ್ದಾನೆ, ಗುಡಿ ನೆನಪಿಲ್ಲ. ಕ್ಲಾಸಿನಲ್ಲಿ ಇಂಥ ಉತ್ತರ ಕೊಟ್ಟವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಸರಿ, ನಾನೇ ಹತ್ತಿದೆ. ಮಂಡಿ ಬೈದುಕೊಂಡೇ ಬಂತು. ಗುಡಿ ಅಂದರೆ ಆಳುದ್ದದ ನಾಲ್ಕು ಕಲ್ಲುಗೋಡೆ, ಮೇಲೆ ತಗಡು. ಒಳಗೆ ಮೂರ್ತಿಯಿಲ್ಲ, ಸಮಾಧಿಯಿಲ್ಲ, ಒಂದು ಚಪ್ಪಟೆ ಕಲ್ಲು, ಅದರ ಮೇಲೊಂದು ದೀಪ. ನೋಡಿಕೊಳ್ಳುವಾಕೆ ಬುಟ್ಟಿ ಹೆಣೆಯುವವಳು, ಬಾಗಿಲಲ್ಲೇ ಕೂತು ಹೆಣೆಯುತ್ತಿರುತ್ತಾಳೆ. ಅವಳು ಹೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡೆ.

"ಅಚ್ಚಾದ ನಕ್ಷೆ ಬಂದ ವರ್ಷ ಶಾಲೆ ಮೇಷ್ಟ್ರು ತೋರ್ಸಿದ್ರಂತೆ, ನಿಮ್ಮ ಗುಡ್ಡದ ಮೇಲೆ ಗುಡಿ ಇದೆ ಅಂತ. ನಮ್ಮಪ್ಪ, ಊರೋರೆಲ್ಲ ಮೂರು ದಿನ ಹುಡುಕಿದ್ರು. ಏನೂ ಸಿಗ್ಲಿಲ್ಲ. ಸರ್ಕಾರದೋರಿಗೆ ಗೊತ್ತಿರೋ ಗುಡೀನ ನಾವೇ ಮರೆತು ಹಾಳುಮಾಡಿದ್ವಲ್ಲ ಅಂತ ಅಪ್ಪ ಅತ್ತೇಬಿಟ್ರಂತೆ. ಆಮೇಲೆ ಎಲ್ರೂ ಒಂದೊಂದು ಕಲ್ಲು ಹೊತ್ರು. ಯಾವ ದೇವ್ರು ಅಂತ ನಕ್ಷೇಲಿ ಬರ್ದಿರ್ಲಿಲ್ವಲ್ಲ, ಅದ್ಕೇ ಖಾಲಿ ಬಿಟ್ರು."

ಖಾಲಿ ಬಿಟ್ಟದ್ದರಿಂದ ಮೂವತ್ತೆಂಟು ವರ್ಷ ಎಲ್ಲರೂ ಬಂದರು. ನಾನು ನೋಡಿದ ಉಳಿದ ನಲವತ್ತರಲ್ಲಿ ಯಾರು ಮೊದಲು ಕಟ್ಟಿದ್ದೆಂಬ ತಗಾದೆ ಇಲ್ಲದ್ದು ಒಂದೂ ಇಲ್ಲ. ಇಲ್ಲಿ ಮಾತ್ರ ಇರಲಿಲ್ಲ, ಪುಸ್ತಕ ಬರುತ್ತದೆಂಬ ಸುದ್ದಿ ಹಬ್ಬುವವರೆಗೂ. ಅಂದರೆ ಜಗಳ ತಂದವಳು ನಾನೇ, ನನಗೆ ಬೇಜಾರಾಗಿದೆ.

ನೀನು ಯಾಕೆ ನುಣುಚಿಕೊಳ್ಳುತ್ತಿದ್ದೀಯೆಂದು ನನಗೆ ಗೊತ್ತಾಗದೆ ಇಲ್ಲ. ಯಾರದೆಂದು ನಿನಗೆ ಗೊತ್ತಿದೆ. ಹೇಳಿದರೆ ಇನ್ನೊಬ್ಬರಿಗೆ ನೋವಾಗುತ್ತದೆಂದು ಹೆದರುತ್ತೀಯೆ. ಚಿಕ್ಕಂದಿನಿಂದಲೂ ನೀನು ಹೀಗೇ, ಎಲ್ಲರ ಮನಸ್ಸು ಕಾಯುವವನು. ಈಗ ಹೇಳದಿದ್ದರೇ ಹೆಚ್ಚು ನೋವು. ಬರೆ.

ಅಕ್ಕ


ಫೆಬ್ರವರಿ 26, 1999

ಅಕ್ಕ,

ಅಲ್ಲಿ ನಿಜವಾಗಿಯೂ ಒಂದು ಗುಡಿ ನಿಂತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿನ್ನ ಕಾಗದವನ್ನು ಹೆಂಡತಿಗೆ ಓದಿಹೇಳಲು ಹೋಗಿ ನಡುವೆ ನಿಲ್ಲಿಸಿದೆ.

ನೀನು ಬಿಡುವುದಿಲ್ಲವಾದ್ದರಿಂದ ಹೇಳುತ್ತೇನೆ. ಒಂದು ಮುರಿದ ಗೋಡೆ ಇದ್ದ ಹಾಗೆ ನೆನಪು. ಯಾರದೆಂದು ಹೇಳಲಾರೆ. ಹಳೆಯ ಗೋಡೆ, ಅಷ್ಟೇ. ಹಾಗೆಂದು ಬರೆದು ಮುಗಿಸು.

ತಮ್ಮ


ಮಾರ್ಚ್ 14, 1999

ಪೆನ್ಸಿಲ್,

ನಿನ್ನ ಗೋಡೆಯಿಂದ ಅನಾಹುತವಾಗಿದೆ.

ಮುಚ್ಚಿಡುವುದು ಸರಿಯಲ್ಲವೆಂದು ನಿನ್ನ ಸಾಲನ್ನು ಎರಡೂ ಕಡೆಯವರಿಗೆ ಓದಿ ಹೇಳಿದೆ. ಮೇಲಿನ ಬೀದಿಯ ಮುಖಂಡ ಹಿಟ್ಟಿನ ಗಿರಣಿಯವನು, ಹೊಳೆದಂಡೆಯ ಮುಖಂಡ ಗಡಿಯಾರ ರಿಪೇರಿಯವನು. ಇಬ್ಬರೂ ನನ್ನ ಹತ್ತಿರ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ನಕಲು ಹೊಡೆದು ಒಂದೇ ದಿನ ಸಿಕ್ಕಿಬಿದ್ದವರು. ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಗೋಡೆ ಇತ್ತೆಂದರೆ ಪಾಯ ಇರಲೇಬೇಕು, ಪಾಯ ಯಾವ ದಿಕ್ಕಿಗೆ ತಿರುಗಿದೆಯೋ ನೋಡಿದರೆ ಯಾರದೆಂದು ಗೊತ್ತಾಗುತ್ತದೆ ಎಂದು ಇದೊಂದರಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದಾರೆ. ಏಪ್ರಿಲ್ ಎರಡಕ್ಕೆ ಅಗೆಯುವುದೆಂದು ತೀರ್ಮಾನ. ಅಗೆಯಬೇಕಾದರೆ ಈಗಿರುವ ನಾಲ್ಕು ಗೋಡೆ ಕೆಡವಬೇಕು. ಬುಟ್ಟಿಯವಳು ಬಾಗಿಲು ಬಿಟ್ಟು ಏಳುತ್ತಿಲ್ಲ. "ನಮ್ಮಪ್ಪ ಹೊತ್ತ ಕಲ್ಲು ತೆಗೀಬೇಕಂದ್ರೆ ನನ್ನ ಎತ್ತಿ ಪಕ್ಕಕ್ಕಿಡಿ" ಅನ್ನುತ್ತಾಳೆ.

ಗೋಡೆ ಯಾವ ದಿಕ್ಕಿಗಿತ್ತು? ನೀನು ಬರೆಯದಿದ್ದರೂ ಕಂಡುಕೊಳ್ಳುತ್ತೇನೆ. ನೀನು ಅಳತೆ ಬರೆದುಕೊಂಡ ಫೀಲ್ಡ್ ಬುಕ್ಕೂ, ಬಟ್ಟೆಯ ಮೇಲೆ ನೀನು ಕೈಯಾರೆ ಬರೆದ ಮೂಲ ನಕ್ಷೆಯೂ ರಾಜಧಾನಿಯ ದಾಖಲೆ ಕೋಣೆಯಲ್ಲಿವೆಯಂತೆ. ಮುಂದಿನ ವಾರ ಹೋಗಿ ನೋಡುತ್ತೇನೆ.

ಅಕ್ಕ


ಮಾರ್ಚ್ 22, 1999

ಅಕ್ಕ,

ಅಗೆಯುವುದನ್ನು ನಿಲ್ಲಿಸು. ಗೋಡೆ ಇರಲಿಲ್ಲ. ಗುಡಿಯೂ ಇರಲಿಲ್ಲ. ನಾನು ಆ ಗುಡ್ಡದ ಮೇಲೆ ಕಂಡದ್ದು ಹುಲ್ಲು, ಬಂಡೆ, ಎರಡು ಆಡು.

ಮೂಲ ನಕ್ಷೆ ನೋಡಿದರೆ ನಿನಗೇ ಗೊತ್ತಾಗುತ್ತದೆ. ಆ ಮುಕ್ಕೋನ ಉಳಿದ ನಲವತ್ತಕ್ಕಿಂತ ಒಂದಿಷ್ಟು ದಪ್ಪ. ಅದು ಮಸಿಯ ಹನಿ. ನಿಬ್ಬಿನಿಂದ ಜಾರಿ ಗುಡ್ಡದ ನೆತ್ತಿಗೆ ಬಿತ್ತು. ಬ್ಲೇಡಿನಲ್ಲಿ ಕೆರೆದರೆ ಬಟ್ಟೆ ಜುಂಗು ಏಳುತ್ತದೆ. ನಮ್ಮ ದೊಡ್ಡ ಸಾಹೇಬರು ಒಂದೊಂದು ಗೆರೆಯನ್ನೂ ಭೂತಗನ್ನಡಿ ಹಿಡಿದು ನೋಡುವವರು. ಕೆರೆದ ಗುರುತು ಕಂಡರೆ ಹಾಳೆ ಪೂರ್ತಿ ಮೊದಲಿನಿಂದ, ಅಂದರೆ ಐದು ತಿಂಗಳ ಕೆಲಸ. ಸಂಜೆ ನಾಲ್ಕಕ್ಕೆ ನಕ್ಷೆ ಅಚ್ಚಿಗೆ ಹೋಗಬೇಕಿತ್ತು. ಹನಿಗೆ ಮೂರು ಮೂಲೆ ತಿದ್ದಿ ಮೇಲೊಂದು ಗೀಟು ಹಾಕಿದೆ. ನಲವತ್ತು ನಲವತ್ತೊಂದಾಯಿತು. ಯಾರೂ ಹೋಗದ ಗುಡ್ಡ, ಯಾರಿಗೂ ತೊಂದರೆಯಿಲ್ಲ ಅಂದುಕೊಂಡೆ.

ಇಷ್ಟೇ ಆಗಿದ್ದರೆ ಜನವರಿಯಲ್ಲೇ ನಗುತ್ತ ಬರೆದುಬಿಡುತ್ತಿದ್ದೆ. ಮೂಲ ನಕ್ಷೆಯ ಮೂಲೆಯಲ್ಲಿ ಮುಗಿಸಿದ ತಾರೀಖಿದೆ. 1961 ಮಾರ್ಚ್ 9. ಅಪ್ಪ ಹೋದ ದಿನ.

ನೀನು ಕೊಟ್ಟ ತಂತಿ ನನಗೆ ಮಾರನೆಯ ದಿನ ಸಿಕ್ಕಿತೆಂದು ಹೇಳಿದ್ದೆ. ಸುಳ್ಳು. ಅವತ್ತೇ ಬೆಳಿಗ್ಗೆ ಹನ್ನೊಂದಕ್ಕೆ ಸಿಕ್ಕಿತು. ನನ್ನ ಮೇಜಿಗೇ ತಂದುಕೊಟ್ಟರು. ಹನ್ನೆರಡಕ್ಕೆ ಬಸ್ಸಿತ್ತು. ಹತ್ತಿದ್ದರೆ ಬೆಳಕಿರುವಾಗಲೇ ಮನೆ ಸೇರುತ್ತಿದ್ದೆ. ಒಂದು ಗುಡ್ಡ ಉಳಿದಿತ್ತು, ಆ ಬೋಳುಗುಡ್ಡ. ಅಪ್ಪ ಗಟ್ಟಿ ಮನುಷ್ಯ, ಇದೊಂದು ಮುಗಿಸಿ ಹೊರಟರಾಯಿತು ಅಂತ ನಿಬ್ಬು ಅದ್ದಿದೆ. ಕೈ ನಡುಗಿತು, ಹನಿ ಬಿತ್ತು. ಹನಿಯನ್ನು ತಿದ್ದುತ್ತ ಕೂತೆ, ಬಸ್ಸು ಹೋಯಿತು. ಮಾರನೆಯ ಸಂಜೆ ಬಂದಾಗ ಅಪ್ಪನ ದೋಣಿಯನ್ನು ಯಾರೋ ದಡಕ್ಕೆ ಎಳೆದು ಕವುಚಿ ಹಾಕಿದ್ದರು.

ತಂತಿ ತಡವಾಯಿತೆಂದು ನೀನು ಊರಿನ ಪೋಸ್ಟ್ ಮಾಸ್ಟರ್ ಜೊತೆ ಜಗಳವಾಡಿದೆ. ಹನ್ನೊಂದು ವರ್ಷ ಅವರ ಕಿಟಕಿಯಲ್ಲಿ ಸ್ಟಾಂಪು ಕೊಳ್ಳದೆ ಇನ್ನೊಂದು ಅಂಚೆ ಕಚೇರಿಯವರೆಗೆ ನಡೆದೆ. ನಾನು ಸುಮ್ಮನಿದ್ದೆ. ಆಮೇಲೆ ಊರಿಗೆ ಬರುವುದನ್ನೇ ಬಿಟ್ಟೆ. ಕೆಲಸ, ದೂರ, ಬೆನ್ನುನೋವು ಅಂತ ನಾನು ಬರೆದದ್ದೆಲ್ಲ ನೆಪ. ಹೊಳೆ ದಾಟಲು ನನಗೆ ಮುಖವಿರಲಿಲ್ಲ.

ಈ ಕಾಗದವನ್ನು ಯಾರಿಗೆ ಓದಬೇಕೋ ಓದು. ಆ ಹೆಂಗಸನ್ನು ಮಾತ್ರ ಬಾಗಿಲಿನಿಂದ ಎಬ್ಬಿಸಬೇಡಿ.

ತಮ್ಮ


ಏಪ್ರಿಲ್ 30, 1999

ಅಕ್ಕ,

ನಿನ್ನಿಂದ ಕಾಗದವಿಲ್ಲ. ಏಪ್ರಿಲ್ ಎರಡು ಕಳೆದು ತಿಂಗಳಾಗುತ್ತ ಬಂತು. ಬೈದಾದರೂ ಒಂದು ಸಾಲು ಬರೆ. ಬೆಂಚಿನ ಮೇಲೆ ನಿಲ್ಲಿಸು. ಹೆಂಡತಿಗೆ ಎಲ್ಲ ಹೇಳಿದ್ದೇನೆ. "ಅಕ್ಕನಿಗೆ ಹೇಳೋಕೆ ಮೂವತ್ತೆಂಟು ವರ್ಷ ತಗೊಂಡ್ರಿ, ಅವ್ರಿಗೆ ಮೂವತ್ತೆಂಟು ದಿನಾನಾದ್ರೂ ಕೊಡಿ" ಅಂದಳು. ಲೆಕ್ಕ ಹಾಕಿದೆ, ನಿನ್ನೆಗೆ ಮೂವತ್ತೆಂಟು ಮುಗಿಯಿತು.

ತಮ್ಮ


ಜೂನ್ 3, 1999

ತಮ್ಮಾ,

ನಿನ್ನ ಕಾಗದ ಮಾರ್ಚ್ 29ಕ್ಕೆ ಬಂತು. ನಾನು ಆ ಹೊತ್ತಿಗೆ ದಾಖಲೆ ಕೋಣೆಗೆ ಹೋಗಿ ಬಂದಾಗಿತ್ತು. ಗುಮಾಸ್ತ ಮೂಲ ನಕ್ಷೆಯನ್ನು ಎರಡು ಮೇಜು ಕೂಡಿಸಿ ಹಾಸಿದ. ದಪ್ಪ ಮುಕ್ಕೋನ ನೋಡಿದೆ, ತಾರೀಖೂ ನೋಡಿದೆ. ಅಪ್ಪ ಸಾಯುವ ದಿನ ನೀನು ಮೇಜಿನ ಮುಂದೆ ಕೂತಿದ್ದೆ ಅನ್ನುವುದು ಮೊದಲೂ ಗೊತ್ತಿತ್ತು, ತಂತಿ ಸಿಕ್ಕಿರಲಿಲ್ಲವಲ್ಲ ಪಾಪ ಅಂದುಕೊಂಡು ಆ ಅಂಕಿಯನ್ನು ಬೆರಳಿನಿಂದ ಸವರಿ ಬಂದೆ. ಆಮೇಲೆ ನಿನ್ನ ಕಾಗದ ಓದಿದೆ. ಸಿಟ್ಟು ಬಂತು. ಮೂರನೆಯ ದಿನ ಹೋಗಿ ಆ ಪೋಸ್ಟ್ ಮಾಸ್ಟರ್ ಮನೆಯ ಬಾಗಿಲು ತಟ್ಟಿದೆ. ಅವರು ಹೋಗಿ ಆರು ವರ್ಷವಾಯಿತಂತೆ. ಅವರ ಹೆಂಡತಿಯ ಹತ್ತಿರ ಕ್ಷಮೆ ಕೇಳಿದೆ. "ಯಾವ ಜಗಳಾನೋ ನಂಗೊತ್ತಿಲ್ಲ, ಕೂತ್ಕೊಳ್ಳಿ" ಅಂದರು.

ಏಪ್ರಿಲ್ ಎರಡಕ್ಕೆ ಗುಡ್ಡ ಹತ್ತಿದೆ. ಗುದ್ದಲಿ ಹಾರೆ ಎಲ್ಲ ಬಂದಿದ್ದವು. ಬಾಗಿಲಲ್ಲಿ ಬುಟ್ಟಿಯವಳು. ನಾನು ನಿನ್ನ ಕಾಗದ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಹನಿಯದಷ್ಟೇ ಓದಿ ಅಪ್ಪನದನ್ನು ಬಿಡೋಣವೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಓದುವಾಗ ಬಿಡಲಾಗಲಿಲ್ಲ. ಗುದ್ದಲಿ ಹಿಡಿದವರು ಅದನ್ನು ಕೆಳಗಿಟ್ಟರು. ಕೊನೆಗೆ ಗಡಿಯಾರದವನು, "ಹಾಗಾದ್ರೆ ಇದು ಯಾರ್ದೂ ಅಲ್ಲ ಅಂತಾಯ್ತು" ಅಂದ. ಗಿರಣಿಯವನು, "ಅವರ್ದಲ್ಲ ಅಂದ್ಮೇಲೆ ನಮ್ದಲ್ದಿದ್ರೂ ಪರ್ವಾಗಿಲ್ಲ" ಅಂದ. ಇಬ್ಬರಿಗೂ ನಗು ಬಂತು. ಸಿಕ್ಕಿಬಿದ್ದ ದಿನದ ಮುಖವೇ, ಸ್ವಲ್ಪ ಕೂದಲು ಕಮ್ಮಿ.

ನನಗೆ ಹೆದರಿಕೆಯಿದ್ದದ್ದು ಬುಟ್ಟಿಯವಳದು. ಅವಳ ಅಪ್ಪನ ಅಳು, ಕಲ್ಲು, ಇಷ್ಟು ವರ್ಷದ ದೀಪ, ಎಲ್ಲ ಒಂದು ಹನಿ ಮಸಿಗಾಗಿ ಎಂದು ನಾನು ಎಲ್ಲರೆದುರು ಓದಿದ್ದೆ. ಅವಳು ಹೆಣೆಯುತ್ತಿದ್ದ ಬುಟ್ಟಿ ಕೆಳಗಿಟ್ಟು, "ಗುರುತು ತಪ್ಪಾದ್ರೂ ನಮ್ಮಪ್ಪ ಹತ್ತಿದ್ದು ನಿಜ ತಾನೆ ಟೀಚರಮ್ಮ?" ಅಂದಳು. ನಿಜ ಅಂದೆ. "ನಿಮ್ಮಪ್ಪ ದೋಣಿಯೋರಾ? ಹಾಗಾದ್ರೆ ನಮ್ಮಪ್ಪನ್ನ ದಾಟ್ಸಿರ್ತಾರೆ ಬಿಡಿ" ಅಂದು ಮತ್ತೆ ಬುಟ್ಟಿ ಎತ್ತಿಕೊಂಡಳು.

ಅಲ್ಲಿಂದ ಬಂದ ಮೇಲೂ ನಿನಗೆ ಬರೆಯದೆ ಎರಡು ತಿಂಗಳು ಕೂತದ್ದು ಸಿಟ್ಟಿನಿಂದಲ್ಲ. ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಅದನ್ನು ಬರೆಯಲು ಕೂತು ಏಳುತ್ತಿದ್ದೆ.

ಅಪ್ಪ ಕೊನೆಯ ಮೂರು ದಿನ ಜ್ವರದಲ್ಲಿದ್ದರೂ ಮಾತು ಸರಿಯಾಗಿತ್ತು. ನಿನಗೆ ತಂತಿ ಕೊಡುತ್ತೇನೆಂದು ನಾನು ಎದ್ದಾಗ ಕೈ ಹಿಡಿದು ನಿಲ್ಲಿಸಿದರು. "ಅವ್ನಿಗೆ ಹೇಳ್ಬೇಡ ಮಗಳೇ. ನಕ್ಷೆ ಮುಗಿಸೋ ಹೊತ್ತು. ಕೇಳಿದ್ರೆ ಕೈ ನಡುಗುತ್ತೆ. ಮುಗಿಸ್ಕೊಂಡು ಬರ್ಲಿ" ಅಂದರು. ಆಮೇಲೂ ಇನ್ನೊಂದು ಸಲ ಅಂದರು. ನಾನು ಮೂರು ದಿನದಿಂದ ಒಬ್ಬಳೇ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಅವರಿಗೆ ನಿದ್ದೆ ಹತ್ತಿದಾಗ ಓಡಿಹೋಗಿ ತಂತಿ ಕೊಟ್ಟೆ.

ನೀನು ಮಾರನೆಯ ದಿನ ಬಂದು ಕವುಚಿದ ದೋಣಿಯ ಹತ್ತಿರ ನಿಂತೆ, ಮನೆಯೊಳಗೆ ಬರಲಿಲ್ಲ. ಬಾಗಿಲಿನಿಂದ ನೋಡುತ್ತಿದ್ದೆ. ಅಪ್ಪ ಹೀಗೆ ಹೇಳಿದ್ದರು ಎಂದು ಒಂದು ಮಾತು ಹೇಳಿದ್ದರೆ ನಿನ್ನ ಎದೆ ಹಗುರಾಗುತ್ತಿತ್ತು. ಹೇಳಲಿಲ್ಲ. ಅವರ ಮಾತು ಮೀರಿದೆನೆಂಬ ನಾಚಿಕೆ ಒಂದು. ಇನ್ನೊಂದು, ಆ ಕೊನೆಯ ಮಾತು ಪೂರ್ತಿ ನಿನ್ನ ಬಗ್ಗೆಯೇ ಇತ್ತು, ಬಟ್ಟೆ ಹಿಂಡಿದವಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹೊಟ್ಟೆಕಿಚ್ಚು ಕಣೋ. ಅದಕ್ಕೆ ಬೇರೆ ಹೆಸರು ಕೊಟ್ಟು ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಪೋಸ್ಟ್ ಮಾಸ್ಟರ್ ಮೇಲಿನ ಸಿಟ್ಟು ಅಂತ.

ಅಪ್ಪ ಹೇಳಿದ್ದೇ ಆಯಿತು ನೋಡು. ನಾನು ತಿಳಿಸಿದೆ, ನಿನ್ನ ಕೈ ನಡುಗಿತು, ಹನಿ ಬಿತ್ತು. ಆ ಗುಡಿ ನಿನ್ನೊಬ್ಬನದಲ್ಲ.

ಪುಸ್ತಕ ಇವತ್ತು ಅಚ್ಚಿಗೆ ಕಳಿಸಿದೆ. ನಲವತ್ತೊಂದನೆಯದಕ್ಕೆ ಬರೆದದ್ದು ಇಷ್ಟು:

"ಬೋಳುಗುಡ್ಡದ ಗುಡಿ. ಕಲ್ಲಿನ ಗೋಡೆ, ತಗಡಿನ ಮಾಡು, ಒಳಗೆ ದೀಪ, ಮೂರ್ತಿಯಿಲ್ಲ. 1961ರ ಮಾರ್ಚ್ 9ಕ್ಕಿಂತ ಹಳೆಯದಲ್ಲ. ಅಂದು ಇಲ್ಲಿ ಗುಡಿಯಿರಲಿಲ್ಲ. ತಂದೆಗೆ ಹುಷಾರಿಲ್ಲವೆಂಬ ಸುದ್ದಿ ಕೇಳಿದ ನಕ್ಷೆಗಾರನೊಬ್ಬನ ಕೈ ನಡುಗಿ ನಕ್ಷೆಯ ಮೇಲೆ ಗುರುತು ಬಿತ್ತು. ಗುಡಿಯನ್ನು ಮರೆತುಬಿಟ್ಟೆವೆಂದು ನೊಂದ ಊರಿನವರು ಕಲ್ಲು ಹೊತ್ತು ಕಟ್ಟಿದರು. ಯಾರು ಬೇಕಾದರೂ ದೀಪ ಹಚ್ಚಬಹುದು."

ಕಂಡದ್ದನ್ನು ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಇದರಲ್ಲಿ ಸುಳ್ಳು ಒಂದೂ ಇಲ್ಲ. ಊರಿನವರು ಈಗ ಅದನ್ನು ದೋಣಿಯವರ ಗುಡಿ ಅನ್ನುತ್ತಿದ್ದಾರೆ. ಮೇಲೆ ನಿಂತರೆ ಅಪ್ಪನ ದೋಣಿಕಟ್ಟೆ ಕಾಣುತ್ತದೆ, ನಿನಗೆ ಗೊತ್ತೇ? ನಾನೂ ಮೊನ್ನೆಯೇ ನೋಡಿದ್ದು. ನಾನಿನ್ನೂ ದೀಪ ಹಚ್ಚಿಲ್ಲ. ಒಬ್ಬಳೇ ಹಚ್ಚಲು ಮನಸ್ಸಾಗಲಿಲ್ಲ.

ಅಕ್ಕ


ಜೂನ್ 9, 1999

ಅಕ್ಕ,

ಅಕ್ಷರ ಸೊಟ್ಟಗಿದೆ, ತಿದ್ದಬೇಡ. ಎರಡು ವರ್ಷದಿಂದ ಕೈ ಸದಾ ನಡುಗುತ್ತದೆ, ನಿನಗೆ ಹೇಳಿರಲಿಲ್ಲ. ಇಷ್ಟು ದಿನದ ಕಾಗದಗಳನ್ನೆಲ್ಲ ನಾನು ಹೇಳಿ, ನನ್ನ ಅಕ್ಷರದ ಹಾಗೇ ಬರೆಯಲು ಕಲಿತ ಹೆಂಡತಿಯಿಂದ ಬರೆಸುತ್ತಿದ್ದೆ, ಮಾರ್ಚಿನದೊಂದು ಬಿಟ್ಟು. ಅದನ್ನು ನಾಲ್ಕು ದಿನ ಕೂತು ನಾನೇ ಬರೆದೆ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಸಿಕ್ಕಿತು. ಅಪ್ಪನ ಮಾತನ್ನು ಹೆಂಡತಿ ಎರಡು ಸಲ ಓದಿದಳು. ಅಂಗಡಿಯಲ್ಲಿ ಒಂದು ಫೋಟೋ ಅರ್ಧ ಕಟ್ಟು ಹಾಕಿದ್ದು ಮೇಜಿನ ಮೇಲಿದೆ. ಹಾಗೇ ಇರಲಿ.

ಈ ಕಾಗದಕ್ಕಿಂತ ಮೊದಲು ನಾನೇ ತಲುಪುತ್ತೇನೆ. ಇಲ್ಲಿಂದಲೂ ಹನ್ನೆರಡಕ್ಕೊಂದು ಬಸ್ಸಿದೆ.

ಪೆನ್ಸಿಲ್